ರೇಡಿಯೇಟರ್ ನೀರಿಗೊಂದು ಕಾವಲು

ನಮ್ಮ ಧರ್ಮಪುರದ ಕಡೆ ಶೇಂಗಾ ಬಿತ್ತನೆಗೆ ಹದ ಸಿಗುವುದೇ ನಾಲ್ಕು ದಿನ. ಅಂಥಾ ಹದದಲ್ಲೇ ಒಂದು ವರ್ಷ ನನ್ನ ಟ್ರ್ಯಾಕ್ಟರ್ ಹೊಲದ ನಡುವೆ ನಿಂತುಬಿಟ್ಟಿತು. ಕೆಳಗಿನ ಹೋಸ್ ಪೈಪಿನ ಕ್ಲಿಪ್ ಸಡಿಲವಾಗಿ, ರಂಟೆ ಹೊಡೆಯುತ್ತಿದ್ದಾಗಲೇ ನೀರೆಲ್ಲ ಸೋರಿತ್ತು. ಹೆಡ್ ಬಾಗಿ ಗ್ಯಾಸ್ಕೆಟ್ ಸುಟ್ಟಿತ್ತು. ರಿಪೇರಿ ಮುಗಿಯುವಷ್ಟರಲ್ಲಿ ಹದವೂ ಆರಿತು.

"ಮೀಟರ್ ನೋಡಬಾರದಿತ್ತೇನೋ?" ಎಂದು ಡ್ರೈವರ್ ಹುಡುಗನಿಗೆ ಬೈದೆ. "ನೋಡ್ತಾನೇ ಇದ್ದೆ ಅಣ್ಣ, ಮುಳ್ಳು ಮೇಲಕ್ಕೆ ಹೋಗ್ಲೇ ಇಲ್ಲ" ಅಂದ. ನಾನು ನಂಬಲಿಲ್ಲ. ಆದರೆ ಅವನು ಹೇಳಿದ್ದು ನಿಜವಿತ್ತು.

ಉಷ್ಣತೆಯ ಮೀಟರಿನ ಸೆನ್ಸರ್ ತನ್ನ ಸುತ್ತ ಇರುವ ನೀರಿನ ಬಿಸಿಯನ್ನು ಅಳೆಯುತ್ತದೆ, ಇಂಜಿನ್ನಿನ ಕಬ್ಬಿಣದ ಬಿಸಿಯನ್ನಲ್ಲ. ನೀರು ಕೆಳಗಿಳಿದರೆ ಸೆನ್ಸರ್ ಗಾಳಿಯಲ್ಲೋ ಹಬೆಯಲ್ಲೋ ಉಳಿಯುತ್ತದೆ. ಅಲ್ಲಿ ನೀರಿನಷ್ಟು ಚೆನ್ನಾಗಿ ಶಾಖ ತಾಗುವುದಿಲ್ಲ. ಹೆಡ್ ಸುಡುತ್ತಿದ್ದರೂ ಮುಳ್ಳು ಏರದೆ ಇರಬಹುದು, ಕೆಲವೊಮ್ಮೆ ಇಳಿಯಲೂಬಹುದು. ಅಂದರೆ ಮೀಟರನ್ನು ನಂಬಬೇಕಾದರೆ ಮೊದಲು ನೀರಿದೆ ಎಂಬ ಖಾತ್ರಿ ಬೇಕು. ಆ ಖಾತ್ರಿಗೆ ಬೇಕಾದ್ದು ನೀರಿನ ಮಟ್ಟ ಹೇಳುವ ಅಲಾರಂ.

ಯಾವುದನ್ನು ಆರಿಸಬೇಕು?

ಪೇಟೆಯಲ್ಲಿ ಮೂರು ಬಗೆ ಸಿಗುತ್ತವೆ. ಒಂದು, ತೇಲುವ ಬುರುಡೆಯದು. ನೀರು ಇಳಿದಂತೆ ಬುರುಡೆ ಇಳಿದು ಒಳಗಿನ ಸ್ವಿಚ್ಚನ್ನು ತಾಗಿಸುತ್ತದೆ. ಕೊಳೆ ಕಟ್ಟಿದರೆ ಬುರುಡೆ ಅಂಟಿಕೊಳ್ಳುತ್ತದೆ. ಎರಡನೆಯದು ಪ್ಲಾಸ್ಟಿಕ್ ಡಬ್ಬಿಯ ಹೊರಗೆ ಅಂಟಿಸುವಂಥದ್ದು. ಮೂರನೆಯದು ಕಡ್ಡಿಯದು. ನೀರಿನ ಮೂಲಕ ಸಣ್ಣ ವಿದ್ಯುತ್ ಹರಿದರೆ ಸುಮ್ಮನಿರುತ್ತದೆ, ಹರಿಯದಿದ್ದರೆ ಕೂಗುತ್ತದೆ. ಅಲುಗುವ ಭಾಗವೇ ಇಲ್ಲದ್ದರಿಂದ ಹೊಲದ ಕುಲುಕಾಟಕ್ಕೆ ಇದೇ ಸರಿ ಎಂದು ನನ್ನ ಅನುಭವ.

ಯಾವುದನ್ನೇ ಕೊಂಡರೂ ಪಕ್ಕದ ಉಕ್ಕಿನ ಬಾಟಲಿಗೆ ಹಾಕಬೇಡಿ. ರೇಡಿಯೇಟರ್ ಖಾಲಿಯಾದರೂ ಬಾಟಲಿ ತುಂಬಿಯೇ ಇರಬಹುದು. ಕಾವಲು ಇರಬೇಕಾದ್ದು ರೇಡಿಯೇಟರಿನ ಮೇಲಿನ ಟ್ಯಾಂಕಿನಲ್ಲಿ.

ನಾನು ಮಾಡಿಕೊಂಡದ್ದು

ಕಡ್ಡಿಯ ಬದಲು ಹಳೇ ಸ್ಪಾರ್ಕ್ ಪ್ಲಗ್ ಬಳಸಿದೆ. ಅದರ ಪಿಂಗಾಣಿ ಬಿಸಿಯನ್ನೂ ಒತ್ತಡವನ್ನೂ ತಡೆಯುತ್ತದೆ. ಒಳಗೆ ರೆಸಿಸ್ಟರ್ ಇಲ್ಲದ ಪ್ಲಗ್ ಆಗಿರಲಿ. ಪಕ್ಕದ ಬಾಗಿದ ಕೊಂಡಿಯನ್ನು ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ನಡುವೆ ಹನಿ ನಿಂತು ಮೋಸವಾಗುತ್ತದೆ. ಹಿತ್ತಾಳೆ ಟ್ಯಾಂಕಿಗೆ ಪ್ಲಗ್ಗಿನ ಅಳತೆಯ ನಟ್ಟನ್ನು ರೇಡಿಯೇಟರ್ ಅಂಗಡಿಯಲ್ಲೇ ಬೆಸುಗೆ ಹಾಕಿಸಿ, ಸೋರಿಕೆ ಪರೀಕ್ಷೆ ಮಾಡಿಸಿ. ಕೊಳವೆಗಳು ಶುರುವಾಗುವ ತಗಡಿಗಿಂತ ಒಂದು ಇಂಚು ಮೇಲೆ, ತುದಿ ತುಸು ಕೆಳಮುಖವಾಗಿರಲಿ. ಮೇಲಿನ ಟ್ಯಾಂಕು ಪ್ಲಾಸ್ಟಿಕ್ಕಿನದಾದರೆ ಈ ಉಪಾಯ ಬೇಡ, ಸಿದ್ಧ ಅಲಾರಮ್ಮೇ ಮೇಲು.

ಬೇಕಾದ ಸಾಮಾನು: ಬಿಸಿ 547 ಟ್ರಾನ್ಸಿಸ್ಟರ್ 2, 100 ಕಿಲೋ ಓಮ್ ರೆಸಿಸ್ಟರ್ 1, 470 ಮೈಕ್ರೋಫ್ಯಾರಡ್ 25 ವೋಲ್ಟಿನ ಕೆಪಾಸಿಟರ್ 1, 12 ವೋಲ್ಟಿನ ಸಣ್ಣ ಬಜರ್, ಅರ್ಧ ಆಂಪಿಯರ್ ಫ್ಯೂಸ್. ಬ್ಯಾಟರಿಯ ಮೈನಸ್ ಬಾಡಿಗೆ ಸೇರಿರುವ ಗಾಡಿಗಷ್ಟೇ ಇದು ಹೊಂದುತ್ತದೆ.

ಕೀಲಿ ತಿರುಗಿಸಿದಾಗ ಬರುವ ಪ್ಲಸ್ ತಂತಿಯನ್ನು ಫ್ಯೂಸ್ ಮೂಲಕ ತನ್ನಿ. ಅದರಿಂದ ಒಂದು ಕವಲು ಬಜರಿನ ಪ್ಲಸ್ಸಿಗೆ, ಇನ್ನೊಂದು ರೆಸಿಸ್ಟರಿಗೆ. ರೆಸಿಸ್ಟರಿನ ಮತ್ತೊಂದು ತುದಿ, ಪ್ಲಗ್ಗಿನ ತಂತಿ, ಕೆಪಾಸಿಟರಿನ ಪ್ಲಸ್ ಮತ್ತು ಮೊದಲ ಟ್ರಾನ್ಸಿಸ್ಟರಿನ ಬೇಸ್, ಈ ನಾಲ್ಕೂ ಒಂದೇ ಕಡೆ ಸೇರಬೇಕು. ಮೊದಲನೆಯದರ ಎಮಿಟರ್ ಎರಡನೆಯದರ ಬೇಸಿಗೆ. ಎರಡರ ಕಲೆಕ್ಟರೂ ಕೂಡಿ ಬಜರಿನ ಮೈನಸ್ಸಿಗೆ. ಎರಡನೆಯದರ ಎಮಿಟರ್ ಮತ್ತು ಕೆಪಾಸಿಟರಿನ ಮೈನಸ್ ಬಾಡಿಗೆ. ರೇಡಿಯೇಟರ್ ರಬ್ಬರಿನ ಮೇಲೆ ಕೂತಿರುವುದರಿಂದ ಟ್ಯಾಂಕಿನಿಂದ ಬಾಡಿಗೆ ಒಂದು ಪ್ರತ್ಯೇಕ ತಂತಿ ಎಳೆಯಲೇಬೇಕು.

ನೀರಿದ್ದಾಗ ರೆಸಿಸ್ಟರಿನಿಂದ ಬರುವ ವಿದ್ಯುತ್ ಪ್ಲಗ್ ಮೂಲಕ ಟ್ಯಾಂಕಿಗೆ ಹರಿದುಹೋಗುತ್ತದೆ, ಬಜರ್ ಸುಮ್ಮನಿರುತ್ತದೆ. ನೀರು ಇಳಿದರೆ ಸುಮಾರು 5 ಸೆಕೆಂಡಿನಲ್ಲಿ ಕೂಗುತ್ತದೆ. ಈ ತಡ ಕೆಪಾಸಿಟರಿನದು. ಬದು ಹತ್ತುವಾಗ ನೀರು ತುಳುಕಿದ್ದಕ್ಕೆಲ್ಲ ಕೂಗದಿರಲಿ ಎಂದೇ ಅದನ್ನು ಹಾಕಿದ್ದು.

ಪ್ಲಗ್ಗಿನ ತಂತಿ ಕಡಿದರೂ ಇದು ಕೂಗುತ್ತದೆ, ಅದು ಒಳ್ಳೇದೇ. ಆದರೆ ತಂತಿಯ ರಬ್ಬರ್ ಸವೆದು ಬಾಡಿಗೆ ತಾಗಿದರೆ ನೀರಿಲ್ಲದಿದ್ದರೂ ಮೌನವಾಗಿರುತ್ತದೆ. ಅದಕ್ಕೇ ತಿಂಗಳಿಗೊಮ್ಮೆ, ಇಂಜಿನ್ ತಣ್ಣಗಿದ್ದಾಗ, ಇಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ, ಕೆಳಗಿನ ನಲ್ಲಿಯಿಂದ ತುಸು ಕೂಲೆಂಟನ್ನು ಶುಭ್ರ ಪಾತ್ರೆಗೆ ಇಳಿಸಿ. ಬಜರ್ ಕೂಗಬೇಕು. ಆಮೇಲೆ ಅದನ್ನೇ ವಾಪಸ್ ಹಾಕಿದರಾಯಿತು.

ನೀರಿನ ವಿಷಯ ಒಂದು ಮಾತು. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಚಕ್ಕೆ ಕಟ್ಟುತ್ತದೆ. ರೇಡಿಯೇಟರಿನ ಕೊಳವೆಯಲ್ಲೂ ಪ್ಲಗ್ಗಿನ ಮೇಲೂ ಅದೇ ಕಟ್ಟುತ್ತದೆ. ಕೂಲೆಂಟ್ ಮತ್ತು ಬ್ಯಾಟರಿ ನೀರನ್ನು ಕಂಪನಿ ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕಿ. ಬರೀ ಬ್ಯಾಟರಿ ನೀರಾದರೆ ವಿದ್ಯುತ್ ಸರಿಯಾಗಿ ಹರಿಯದೆ ಬಜರ್ ಸುಮ್ಮಸುಮ್ಮನೆ ಕೂಗಬಹುದು.

50 ಎಚ್.ಪಿ. ಮೀರಿದ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ. ಅಂಥಾ ಇಂಜಿನ್ನುಗಳಲ್ಲಿ ಎಲೆಕ್ಟ್ರಾನಿಕ್ಸ್ ಹೆಚ್ಚು. ಅವುಗಳ ಸೆನ್ಸರ್ ತಂತಿಗಳಿಗೆ ಕೈ ಹಾಕದಿರಿ.

ಬಜರ್ ಕೂಗಿದರೆ ಏನು ಮಾಡಬೇಕು ಎಂಬುದನ್ನು ಓಡಿಸುವವರಿಗೆ ಮೊದಲೇ ಹೇಳಿಡಿ. ಸಾಲು ಮುಗಿಸಿ ನಿಲ್ಲಿಸೋಣ ಅನ್ನಬಾರದು, ಅಲ್ಲೇ ಇಂಜಿನ್ ಆರಿಸಬೇಕು. ಬಿಸಿಯಲ್ಲಿ ಮುಚ್ಚಳ ತೆಗೆದರೆ ಮುಖ ಬೇಯುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ತಣಿಯುವ ತನಕ ಕಾಯಬೇಕು.

ನನ್ನ ಬಜರ್ ಇದುವರೆಗೆ ಎರಡು ಸಲ ಕೂಗಿದೆ. ಒಮ್ಮೆ ಪ್ಲಗ್ಗಿನ ತಂತಿ ಕಳಚಿತ್ತು. ಇನ್ನೊಮ್ಮೆ ಮೇಲಿನ ಹೋಸ್ ಪೈಪು ಸೀಳಿತ್ತು. ಅವತ್ತೂ ಮೀಟರಿನ ಮುಳ್ಳು ನಡುವಿನಲ್ಲೇ ಇತ್ತು. ಗಾಡಿಯ ಮೇಲಿದ್ದದ್ದು ಅದೇ ಹುಡುಗ. ತಕ್ಷಣ ಆರಿಸಿ ನನ್ನನ್ನು ಕರೆದು, ಮಾತಾಡದೆ ಮುಳ್ಳು ತೋರಿಸಿದ. ಹಿಂದೆ ಬೈದದ್ದು ತಪ್ಪಾಯಿತಪ್ಪ ಎಂದು ಅವತ್ತು ಅವನಿಗೆ ಹೇಳಿದೆ.