‘ಡಿಕೇ’ ಎಂಬ ಕ್ರಿಯಾಪದ: ಅದರ ಅರ್ಥ ಮತ್ತು ಮೂಲ

ಈ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಹಳಗನ್ನಡ ವ್ಯಾಕರಣದ ಯಾವುದಾದರೊಂದು ಪ್ರಕರಣವನ್ನು ನಾನು ಆರಿಸಿಕೊಳ್ಳುವೆನೆಂದು ಅವರು ಎಣಿಸಿದ್ದಿರಬೇಕು. ನಾನು ಆರಿಸಿಕೊಂಡಿರುವುದಾದರೋ ಒಂದು ಇಂಗ್ಲಿಷ್ ಕ್ರಿಯಾಪದವನ್ನು. ಆ ಭಾಷೆಯಲ್ಲಿ ನನ್ನ ಪ್ರವೇಶ ಅಲ್ಪವೆಂಬುದು ಸಹೋದ್ಯೋಗಿಗಳಿಗೆಲ್ಲ ವಿದಿತವೇ ಆಗಿದೆ. ಆದರೂ ಈ ಸಾಹಸಕ್ಕೆ ಕೈಯಿಕ್ಕಲು ಹಳೆಯದೊಂದು ಋಣ ಕಾರಣವಾಗಿದೆ.

ಬಹಳ ವರ್ಷಗಳ ಹಿಂದೆ ಇಂಗ್ಲಿಷ್ ಅಧ್ಯಾಪಕರು ರಜೆಯಲ್ಲಿದ್ದಾಗ ಹತ್ತನೆಯ ತರಗತಿಯ ಭಾಷಾಂತರದ ಉತ್ತರಪತ್ರಿಕೆಗಳನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂದಿತು. ಹಳೆಯ ಕೋಟೆಯೊಂದು ‘ಡಿಕೇ’ ಆಗಿದೆ ಎಂಬ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಬೇಕಾಗಿತ್ತು. ಪಾಠದ ಕೊನೆಯ ಶಬ್ದಾರ್ಥಗಳಲ್ಲಿ ಆ ಪದಕ್ಕೆ ‘ಕೊಳೆ, ಕ್ಷಯಿಸು’ ಎಂದಿತ್ತು. ಒಬ್ಬ ಹುಡುಗ ‘ಹಳೆಯ ಕೋಟೆ ಪಾಳುಬಿದ್ದಿದೆ’ ಎಂದು ಬರೆದಿದ್ದ. ಕೊಟ್ಟ ಅರ್ಥವನ್ನು ಬಿಟ್ಟನೆಂದು ನಾನು ಒಂದು ಅಂಕವನ್ನು ಕಳೆದೆ. ‘ಕಲ್ಲು ಕೊಳೆಯುತ್ತದೆಯೆ, ಗುರುಗಳೇ?’ ಎಂದು ಆತ ಎದ್ದು ನಿಂತು ಕೇಳಿದ. ‘ಪುಸ್ತಕದಲ್ಲಿದ್ದಂತೆ ಬರೆಯಬೇಕಪ್ಪ’ ಎಂದು ಕುಳ್ಳಿರಿಸಿದೆ. ತರಗತಿ ನಕ್ಕಿತು. ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಮುಂದೆ ಬಿಡುವಾದಾಗಲೆಲ್ಲ ನಿಘಂಟುಗಳನ್ನು ತೆರೆದು ಈ ಪದದ ಬೆನ್ನುಹತ್ತಿದೆ.

‘ಡಿಕೇ’ ಎಂಬುದರ ಮೂಲದಲ್ಲಿ ಕೊಳೆಯುವಿಕೆಯ ವಾಸನೆಯೇ ಇಲ್ಲ. ಲ್ಯಾಟಿನ್ ಭಾಷೆಯ ‘ಕದೆರೆ’ ಎಂದರೆ ಬೀಳು. ಅದಕ್ಕೆ ‘ಕೆಳಕ್ಕೆ, ಕಳಚಿ’ ಎಂಬರ್ಥದ ‘ದೇ’ ಎಂಬ ಉಪಸರ್ಗ ಸೇರಿದರೆ ಕಳಚಿ ಬೀಳು, ಇಳಿದುಹೋಗು ಎಂದಾಗುತ್ತದೆ. ಈ ಪದ ಫ್ರಾನ್ಸ್ ದೇಶದ ಬಾಯಲ್ಲಿ ನಡುವಣ ದಕಾರವನ್ನು ಕಳೆದುಕೊಂಡು ಸವೆಯಿತು. ಉತ್ತರ ಫ್ರಾನ್ಸಿನ ನಾರ್ಮನರ ನುಡಿಯಲ್ಲಿ ಮೊದಲಿನ ಕಕಾರ ಉಳಿಯಿತು. ನಡುನಾಡಿನ ಫ್ರೆಂಚಿನಲ್ಲಿ ಅದು ಚಕಾರಕ್ಕೆ ತಿರುಗಿತು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಎರಡು ಬಗೆಯ ರೂಪಗಳೂ ಕಾಲಕ್ರಮದಲ್ಲಿ ಇಂಗ್ಲಿಷಿಗೆ ಬಂದುವು. ಕಕಾರವುಳ್ಳದ್ದು ನಮ್ಮ ‘ಡಿಕೇ’; ಚಕಾರವುಳ್ಳದ್ದು ನಮ್ಮ ಹಳ್ಳಿಗರೂ ದಿನಕ್ಕೆ ಹತ್ತು ಬಾರಿ ಆಡುವ ‘ಚಾನ್ಸ್’! ದಾಳ ಬಿದ್ದಂತೆ ಒದಗುವುದೇ ಚಾನ್ಸ್. ಮೇಲೆ ಬಂದು ಬೀಳುವುದು ‘ಆಕ್ಸಿಡೆಂಟ್’. ಸೂರ್ಯ ಬೀಳುವ ದಿಕ್ಕಾದ್ದರಿಂದ ಪಶ್ಚಿಮಕ್ಕೆ ‘ಆಕ್ಸಿಡೆಂಟ್’ಗೆ ಸಮೀಪದ ಉಚ್ಚಾರಣೆಯ ‘ಆಕ್ಸಿಡೆಂಟಲ್’ ಎಂಬ ವಿಶೇಷಣ ಬಂದಿದೆ. ಕನ್ನಡದ ‘ಪಡುವಣ’ವೂ ಹೊತ್ತು ಪಡುವ ದಿಕ್ಕೇ ಅಲ್ಲವೆ! ವ್ಯಾಕರಣದ ವಿಭಕ್ತಿಗೆ ಅವರಲ್ಲಿರುವ ‘ಕೇಸ್’ ಎಂಬ ಹೆಸರಿಗೂ ಬೀಳುವಿಕೆಯೆಂದೇ ಅರ್ಥ. ಗ್ರೀಕ್ ವೈಯಾಕರಣರ ಪರಿಭಾಷೆಯನ್ನು ಲ್ಯಾಟಿನರು ಹಾಗೆ ಅನುವಾದಿಸಿಕೊಂಡರು.

ಇಲ್ಲೊಂದು ಎಚ್ಚರಿಕೆಯ ಮಾತು. ‘ಡಿಸೈಡ್’ ಎಂಬುದನ್ನೂ ಈ ಬಳಗಕ್ಕೆ ಸೇರಿಸುವ ಆಸೆಯಾಗುತ್ತದೆ. ಸೇರಿಸಲಾಗದು. ಅದು ‘ಕಡಿ, ಕತ್ತರಿಸು’ ಎಂಬರ್ಥದ ಬೇರೊಂದು ಧಾತುವಿನಿಂದ ಬಂದದ್ದು. ಕಡ್ಡಿ ಮುರಿದಂತೆ ಹೇಳುವುದೆಂಬ ನಮ್ಮ ಮಾತು ಅದಕ್ಕೆ ಹತ್ತಿರ.

ಸಂಸ್ಕೃತಾಭ್ಯಾಸಿಗಳಿಗೆ ಇನ್ನೂ ಒಂದು ಸ್ವಾರಸ್ಯ ಇಲ್ಲಿದೆ. ಪಾಣಿನೀಯ ಧಾತುಪಾಠದಲ್ಲಿ ಉದುರುವಿಕೆಯನ್ನು ಹೇಳುವ ‘ಶದ್’ ಎಂಬ ಧಾತುವುಂಟು. ವರ್ತಮಾನದಲ್ಲಿ ಅದರ ರೂಪ ‘ಶೀಯತೇ’. ಲ್ಯಾಟಿನಿನ ಕಕಾರಕ್ಕೆ ಸಂಸ್ಕೃತದಲ್ಲಿ ಶಕಾರ ಬರುವುದು ಅಪರೂಪವಲ್ಲ. ನೂರೆಂಬುದಕ್ಕೆ ಅವರು ‘ಕೆಂಟುಮ್’ ಎಂದರೆ ನಾವು ‘ಶತಂ’ ಎನ್ನುತ್ತೇವೆ. ಆದ್ದರಿಂದ ‘ಕದ್’ ಮತ್ತು ‘ಶದ್’ಗಳನ್ನು ತೌಲನಿಕ ಭಾಷಾಶಾಸ್ತ್ರಜ್ಞರು ಒಂದೇ ಮೂಲಕ್ಕೆ ಒಯ್ಯುತ್ತಾರೆ. ಗುರುಗಳ ಮುಂದೆ ಕುಳಿತು ‘ಶೀಯತೇ, ಶೀಯೇತೇ’ ಎಂದು ಬಾಯಿಪಾಠ ಮಾಡಿದ ದಿನಗಳಲ್ಲಿ ಇದರ ನಂಟು ಇಷ್ಟು ದೂರದವರೆಗೆ ಇದೆಯೆಂದು ನಾನು ಬಲ್ಲವನಾಗಿರಲಿಲ್ಲ.

ಇನ್ನು ಇಂಗ್ಲೆಂಡಿನಲ್ಲಿ ಈ ಪದ ಮೊದಲು ಯಾವುದನ್ನು ಕುರಿತು ಬಳಕೆಯಾಯಿತೆಂಬುದನ್ನು ನೋಡೋಣ. ಕ್ರಿಯಾಪದವಾಗಿ ಅದು ತೋರುವುದು 15ನೆಯ ಶತಮಾನದ ಕೊನೆಯ ಭಾಗದಲ್ಲಿ. ಆಗಿನ ಅರ್ಥ ಕುಗ್ಗು, ಇಳಿಮುಖವಾಗು ಎಂದು. 1489ರಲ್ಲಿ ಏಳನೆಯ ಹೆನ್ರಿಯ ಕಾಲದಲ್ಲಿ ಒಂದು ಕಾಯಿದೆಯಾಯಿತು. ಭೂಮಾಲಿಕರು ಉಣ್ಣೆಯ ಲಾಭಕ್ಕಾಗಿ ಉಳುವ ಹೊಲಗಳನ್ನು ಕುರಿಗಾವಲು ಮಾಡುತ್ತಿದ್ದರು. ರೈತರ ಮನೆಗಳು ಉರುಳುತ್ತಿದ್ದುವು, ಊರುಗಳು ಬರಿದಾಗುತ್ತಿದ್ದುವು. ಇದನ್ನು ತಡೆಯುವ ಸಲುವಾಗಿ, 20 ಎಕರೆ ಅಥವಾ ಹೆಚ್ಚಿನ ಸಾಗುವಳಿಯುಳ್ಳ ಒಕ್ಕಲುಮನೆಗಳನ್ನು ಒಡೆಯರು ಉಳಿಸಿಕೊಂಡು ಬರಬೇಕೆಂದು ಆ ಕಾಯಿದೆ ವಿಧಿಸಿತು. ದೇಶದ ಬೇಸಾಯವು ಬಹಳವಾಗಿ ‘ಡಿಕೇ’ ಆಗಿದೆಯೆಂದು ಅದರ ಪೀಠಿಕೆಯಲ್ಲಿ ಹೇಳಿದೆ. ಅಲ್ಲಿ ಕೊಳೆತದ್ದು ಯಾವುದು? ನೆಲ ಕೊಳೆಯಲಿಲ್ಲ, ಬೆಳೆಯೂ ಕೊಳೆಯಲಿಲ್ಲ. ನಮ್ಮ ರೈತನನ್ನು ಕೇಳಿದರೆ ‘ಹೊಲ ಬೀಳುಬಿತ್ತು’ ಎಂದಾನು. ಐದು ನೂರು ವರ್ಷಗಳ ಹಿಂದಿನ ಆ ಇಂಗ್ಲಿಷ್ ಮಾತಿಗೆ ಅದಕ್ಕಿಂತ ನೇರವಾದ ಕನ್ನಡ ನನಗೆ ತೋರದು.

ಹಣ್ಣು ಕೊಳೆಯುವುದಕ್ಕೆ ಇಂಗ್ಲಿಷರಿಗೆ ಮೊದಲಿನಿಂದಲೂ ‘ರಾಟ್’ ಎಂಬ ತಮ್ಮ ಮನೆಯ ಪದವಿತ್ತು. ಅವರ ಪ್ರಾಚೀನ ಭಾಷೆಯಲ್ಲಿ ‘ರೊಟಿಯನ್’ ಎಂದಿದ್ದುದು ಅದೇ. 16ನೆಯ ಶತಮಾನದ ಕೊನೆಕೊನೆಗೆ ‘ಡಿಕೇ’ ತನ್ನ ಗಾಂಭೀರ್ಯದೊಡನೆ ‘ರಾಟ್’ನ ಹೊಲಕ್ಕೂ ಕಾಲಿಟ್ಟಿತು, ಎಲೆ, ಮರ, ಹಲ್ಲುಗಳೂ ‘ಡಿಕೇ’ ಆಗತೊಡಗಿದುವು. ನಮ್ಮ ಶಬ್ದಾರ್ಥಕಾರರು ಈ ತರುವಾಯದ ಅರ್ಥವನ್ನು ಹಿಡಿದು ಮೊದಲಿನದನ್ನು ಕೈಬಿಟ್ಟರು.

ವಿಜ್ಞಾನಿಗಳು ಮಾತ್ರ ಹಳೆಯ ಅರ್ಥಕ್ಕೇ ಮರಳಿದಂತೆ ತೋರುತ್ತದೆ. 1896ರಲ್ಲಿ ಬೆಕೆರೆಲ್ ಯುರೇನಿಯಮ್ಮಿನ ವಿಕಿರಣವನ್ನು ಕಂಡನು. 1902ರಲ್ಲಿ ರುದರ್‌ಫರ್ಡ್ ಮತ್ತು ಸಾಡಿಯವರು ಒಂದು ಧಾತು ಮತ್ತೊಂದಾಗಿ ಮಾರ್ಪಡುವ ಬಗೆಯನ್ನು ವಿವರಿಸಿದರು. ಅದಕ್ಕೂ ‘ಡಿಕೇ’ ಎಂದೇ ಹೆಸರು. ಯುರೇನಿಯಂ 238ರ ಅರ್ಧಭಾಗ ಹೀಗೆ ಮಾರ್ಪಡಲು ಸುಮಾರು 447 ಕೋಟಿ ವರ್ಷಗಳು ಬೇಕು. ಅಯೊಡಿನ್ 131ಕ್ಕೆ ಎಂಟು ದಿನ ಸಾಕು. ಇಲ್ಲಿ ಕನ್ನಡದಲ್ಲಿ ‘ಕ್ಷಯ’ವೆಂಬ ಪದ ಸಲ್ಲುತ್ತದೆ, ಚಂದ್ರನ ಕಲೆ ಇಳಿಯುವುದಕ್ಕೂ ನಾವು ಅದನ್ನೇ ಬಳಸುತ್ತೇವೆ.

ಕನ್ನಡಕ್ಕೆ ಈ ಒಂದು ಪದದ ಎದುರು ಇಡಬಲ್ಲ ಪದಗಳ ಬಡತನವಿಲ್ಲ. ಹಣ್ಣು ಕೊಳೆಯುತ್ತದೆ, ಅನ್ನ ಹಳಸುತ್ತದೆ, ಕಾಳು ಮುಗ್ಗುತ್ತದೆ, ಹಲ್ಲು ಹುಳುಕಾಗುತ್ತದೆ, ತೊಲೆ ಲಡ್ಡು ಹಿಡಿಯುತ್ತದೆ, ವಂಶ ಅಳಿಯುತ್ತದೆ. ಒಂದರ ಕ್ರಿಯೆಯನ್ನು ಮತ್ತೊಂದಕ್ಕೆ ಹಚ್ಚಿದರೆ ಮನೆಯ ಹೆಂಗಸರೇ ನಗುತ್ತಾರೆ. ಊರು, ಕೋಟೆ, ಗುಡಿಗಳಾದರೆ ಪಾಳುಬೀಳುತ್ತವೆ. ಹಳಗನ್ನಡದಲ್ಲಿ ‘ಪಾೞ್’ ಎಂದರೆ ಬರಿದು, ನಾಶ. ‘ಬೀೞ್’ ಎಂದರೆ ಬೀಳು. ಎರಡರಲ್ಲಿಯೂ ಇದ್ದ ೞಕಾರ ಇಂದು ಳಕಾರವಾಗಿದೆ. ‘ಪಾೞ್’ ಎಂಬುದೇ ಹೊಸಗನ್ನಡದಲ್ಲಿ ‘ಹಾಳು’ ಆಯಿತು. 1565ರ ಯುದ್ಧದ ಬಳಿಕ ಬರಿದಾದ ವಿಜಯನಗರವನ್ನು ಜನ ‘ಹಾಳು ಹಂಪೆ’ ಎಂದು ಕರೆದರು, ಕೊಳೆತ ಹಂಪೆ ಎನ್ನಲಿಲ್ಲ.

ಲ್ಯಾಟಿನರು ಬೀಳುವ ಧಾತುವಿನಿಂದ ಕಟ್ಟಿದ ಪದಕ್ಕೆ ಆ ಹುಡುಗ, ಲ್ಯಾಟಿನನ್ನು ಕನಸಿನಲ್ಲಿಯೂ ಕಾಣದೆ, ಬೀಳುವ ಧಾತುವಿನ ಕನ್ನಡವನ್ನೇ ಇಟ್ಟಿದ್ದ. ಆತ ಈಗ ಎಲ್ಲಿರುವನೋ ತಿಳಿಯದು. ಹಳೆಯ ವಿದ್ಯಾರ್ಥಿಗಳಿಗೆಲ್ಲ ಈ ಸಂಚಿಕೆ ಹೋಗುತ್ತದೆಂದು ಕೇಳಿದ್ದೇನೆ. ಕೈಗೆ ಸೇರಿದರೆ, ಅಂದು ಕಳೆದ ಒಂದು ಅಂಕವನ್ನು ಆತ ಕೂಡಿಸಿಕೊಳ್ಳಬಹುದು.