ಒಬ್ಬ ಕೋವಿ ಕಮ್ಮಾರನ ಲೆಕ್ಕ ತಪಾಸಣೆ

ಕಾಮರ್ಸ್ ಓದುವವನಿಗೆ ಅಮೆರಿಕದ ಕೋವಿ ಕಮ್ಮಾರನ ಗೊಡವೆ ಯಾಕೆ ಎಂದು ಸಂಘದ ಗೆಳೆಯರು ಕೇಳಬಹುದು. ಕಾರಣವಿದೆ. ಕೈಗಾರಿಕೆಯ ಚರಿತ್ರೆ ಹೇಳುವ ಪುಸ್ತಕಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಒಂದು ಬಂದೂಕಿನ ಭಾಗ ಇನ್ನೊಂದಕ್ಕೆ ಕೂಡುವಂತೆ ಮೊದಲು ಮಾಡಿದವನು ಎಲೈ ವ್ಹಿಟ್ನಿ ಅಂತ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಅದರ ಇಂಗ್ಲಿಷ್ ಹೆಸರನ್ನು ‘ಅದಲುಬದಲು ಭಾಗಗಳು’ ಎಂದು ಕನ್ನಡದಲ್ಲಿ ಹೇಳಿಕೊಂಡೆ. ಆಗ ಪ್ರಶ್ನೆ ಹುಟ್ಟಿತು: ಅದಲುಬದಲು ಮಾಡಿದರೆ ಅವು ನಿಜವಾಗಿ ಕೂರುತ್ತಿದ್ದವೇ?

ಮೊದಲು ಹಳೆಯ ಪದ್ಧತಿ ತಿಳಿಯೋಣ. ಆ ಕಾಲದ ಕಮ್ಮಾರ ನಳಿಕೆ, ಲಾಕು, ಮರದ ಹಿಡಿ ಇವನ್ನು ಅರದಿಂದ ಉಜ್ಜಿ ಉಜ್ಜಿ ಒಂದಕ್ಕೊಂದು ಹೊಂದಿಸುತ್ತಿದ್ದ. ಈ ಕೋವಿಯ ಕುದುರೆ ಪಕ್ಕದ ಕೋವಿಗೆ ಕೂರುತ್ತಿರಲಿಲ್ಲ. ಚಿಕ್ಕ ತುಂಡು ಮುರಿದರೂ ಮತ್ತೆ ಕಮ್ಮಾರನೇ ಬೇಕು. ಸೈನ್ಯಕ್ಕೆ ಇದು ದೊಡ್ಡ ತಲೆನೋವು.

1798ರ ಜೂನ್‌ನಲ್ಲಿ ವ್ಹಿಟ್ನಿ ಸರ್ಕಾರದೊಂದಿಗೆ ಕರಾರು ಮಾಡಿಕೊಂಡ. 10,000 ಬಂದೂಕು, ಒಂದಕ್ಕೆ 13 ಡಾಲರ್ 40 ಸೆಂಟ್, ಅವಧಿ ಎರಡು ವರ್ಷ. 1801ರಲ್ಲಿ ವಾಷಿಂಗ್ಟನ್‌ನಲ್ಲಿ ಗಣ್ಯರೆದುರು ಭಾಗ ಬದಲಿಸಿ ತೋರಿಸಿದನೆಂದು ಹೆಸರಾಯಿತು. ಕೊನೆಯ ಬಂದೂಕು ಒಪ್ಪಿಸಿದ್ದು ಮಾತ್ರ 1809ರಲ್ಲಿ!

ನಮ್ಮ ಆಡಿಟಿಂಗ್ ಪಾಠ ಏನು ಹೇಳುತ್ತದೆ? ಮಾಲೀಕನ ಮಾತು ಕೇಳು, ವೌಚರ್ ನೋಡು, ಕೊನೆಗೆ ಗೋದಾಮಿಗೆ ಹೋಗಿ ದಾಸ್ತಾನನ್ನೇ ಎಣಿಸು. ಚರಿತ್ರೆಕಾರರೂ ಹಾಗೆಯೇ ಮಾಡಿದರು. 1960ರಲ್ಲಿ ರಾಬರ್ಟ್ ವುಡ್‌ಬರಿ ವ್ಹಿಟ್ನಿಯ ಕಥೆಯನ್ನು ಪ್ರಶ್ನಿಸಿ ಬರೆದರು. ಉಳಿದಿದ್ದ ವ್ಹಿಟ್ನಿ ಬಂದೂಕುಗಳನ್ನು ಬಿಚ್ಚಿ ನೋಡಿದಾಗ ಭಾಗಗಳು ಅದಲುಬದಲಾಗಿ ಕೂರಲಿಲ್ಲ. ಯಾವ ತುಂಡು ಯಾವ ಬಂದೂಕಿನದು ಎಂದು ತಿಳಿಯಲು ಗುರುತು ಬೇರೆ ಕೊರೆದಿತ್ತು. ಎಲ್ಲವೂ ಎಲ್ಲಕ್ಕೂ ಕೂಡುವಂತಿದ್ದರೆ ಗುರುತು ಯಾಕೆ ಬೇಕು ಹೇಳಿ?

ಈಗ ಜಾನ್ ಹ್ಯಾನ್‌ಕಾಕ್ ಹಾಲ್ ಎಂಬವನ ಖಾತೆ ತೆರೆಯೋಣ. ಹುಟ್ಟಿದ್ದು 1781ರಲ್ಲಿ, ಪೋರ್ಟ್‌ಲೆಂಡ್ ಊರಿನಲ್ಲಿ. ಮದ್ದು ಗುಂಡನ್ನು ನಳಿಕೆಯ ಬಾಯಿಂದ ತುರುಕದೆ ಹಿಂದಿನಿಂದ ತುಂಬುವ ಕೋವಿಗೆ 1811ರಲ್ಲಿ ಪೇಟೆಂಟ್ ಪಡೆದ. ಆ ಪೇಟೆಂಟಿನಲ್ಲಿ ಇನ್ನೊಂದು ಹೆಸರೂ ಇದೆ, ವಿಲಿಯಂ ಥಾರ್ನ್‌ಟನ್. ಅವನು ಪೇಟೆಂಟ್ ಕಚೇರಿಯ ಮುಖ್ಯಸ್ಥ! ಈ ಕಲ್ಪನೆ ತನಗೆ ಮೊದಲೇ ಬಂದಿತ್ತು ಅಂತ ಅವನ ವಾದ. ಕಾಗದದ ಮೇಲಿನ ಹೆಸರನ್ನು ಕಣ್ಣು ಮುಚ್ಚಿ ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಸಾಲದ್ದಕ್ಕೆ 1836ರ ಡಿಸೆಂಬರ್‌ನಲ್ಲಿ ಆ ಕಚೇರಿಗೇ ಬೆಂಕಿ ಬಿದ್ದು ಹಳೆಯ ಪೇಟೆಂಟುಗಳು ಸುಟ್ಟುಹೋದವು.

1819ರಲ್ಲಿ 1,000 ಕೋವಿಗಳ ಕರಾರಿನ ಮೇಲೆ ಹಾಲ್ ಹಾರ್ಪರ್ಸ್ ಫೆರಿಯ ಸರ್ಕಾರಿ ಶಸ್ತ್ರಾಗಾರಕ್ಕೆ ಬಂದ. ಪೊಟೋಮ್ಯಾಕ್, ಶೆನಾಂಡೋವಾ ನದಿಗಳು ಕೂಡುವ ಊರದು. ನೀರಿನ ಬಲದಿಂದ ಓಡುವ ಯಂತ್ರಗಳನ್ನು ತಾನೇ ರೂಪಿಸಿದ. ಪ್ರತಿ ಭಾಗವನ್ನೂ ಅಳೆಯಲು ಗೇಜುಗಳನ್ನು ಮಾಡಿಸಿದ. ಅವನ ಮುಖ್ಯ ಉಪಾಯ ಸರಳ: ಒಂದು ತುಂಡಿಗೆ ಎಷ್ಟೇ ಕೆಲಸ ಇರಲಿ, ಎಲ್ಲ ಅಳತೆಯೂ ಒಂದೇ ಬಿಂದುವಿನಿಂದ. ಮೊದಲ ಕೊರೆತದಿಂದ ಎರಡನೆಯದನ್ನು, ಎರಡನೆಯದರಿಂದ ಮೂರನೆಯದನ್ನು ಅಳೆಯುತ್ತ ಹೋದರೆ ಸಣ್ಣ ಸಣ್ಣ ತಪ್ಪುಗಳು ಚಕ್ರಬಡ್ಡಿಯಂತೆ ಬೆಳೆಯುತ್ತವೆ. ಒಂದೇ ಬಿಂದುವಿನಿಂದ ಅಳೆದರೆ ಹಾಗಾಗದು.

ಕೆಲಸ ಸಾಧಿಸಿತು ಎಂದು ಹಾಲ್ 1822ರಲ್ಲೇ ಯುದ್ಧ ಕಾರ್ಯದರ್ಶಿಗೆ ಬರೆದ. ಆದರೆ ಅದು ಮಾಲೀಕನ ಮಾತು. 1826ರಲ್ಲಿ ಹೊರಗಿನ ತಪಾಸಣೆಗಾರರು ಬಂದರು. ಕೋವಿಗಳನ್ನು ಬಿಚ್ಚಿ, ಭಾಗಗಳನ್ನು ಕಲೆಸಿ, ಮತ್ತೆ ಜೋಡಿಸಿ ನೋಡಿದರು. ಕೂಡಿದವು. ಅಷ್ಟಕ್ಕೇ ಮುಗಿಯಲಿಲ್ಲ. 1828ರಲ್ಲಿ ಇದೇ ಮಾದರಿಯ 5,000 ಕೋವಿಗಳ ಗುತ್ತಿಗೆ ಕನೆಕ್ಟಿಕಟ್‌ನ ಸಿಮಿಯನ್ ನಾರ್ತ್‌ಗೆ ಸಿಕ್ಕಿತು. 1834ರ ಹೊತ್ತಿಗೆ ನಾರ್ತ್ ಮಾಡಿದ ಭಾಗ ಹಾರ್ಪರ್ಸ್ ಫೆರಿಯ ಕೋವಿಗೂ ಕೂರುವಂತಾಯಿತು. ದೂರ ದೂರದ ಎರಡು ಕಾರ್ಖಾನೆ, ಒಂದೇ ಅಳತೆ!

ಖರ್ಚಿನ ಬದಿಯನ್ನೂ ಬರೆಯಬೇಕು. ಯಂತ್ರಗಳಿಗೆ ವಿಪರೀತ ಹಣ ಹೋಯಿತು. ಕೋವಿಯ ಹಿಂಭಾಗದ ಸಂದಿಯಿಂದ ಮದ್ದಿನ ಹೊಗೆ ಸೋರುತ್ತಿತ್ತು. ತನ್ನ ಯಂತ್ರವಿದ್ದರೆ ಅರ ಹಿಡಿದ ಹತ್ತು ಜನರಿಗಿಂತ ಒಬ್ಬ ಹುಡುಗ ಹೆಚ್ಚು ಕೆಲಸ ಮಾಡುತ್ತಾನೆ ಎಂದು ಹಾಲ್ ಹೆಮ್ಮೆಪಟ್ಟ. ಆ ಹತ್ತು ಜನರ ಕಸುಬು ಏನಾಗಬೇಕು ಎನ್ನುವ ಪ್ರಶ್ನೆ ಆ ಹೆಮ್ಮೆಯೊಳಗೇ ಇದೆ. ಇಪ್ಪತ್ತು ವರ್ಷದವನಾದ ನನಗೆ ಆ ಹುಡುಗನಷ್ಟೇ ಆ ಹತ್ತು ಜನರೂ ಕಾಣುತ್ತಾರೆ.

ಹಾಲ್ 1841ರಲ್ಲಿ ಮಿಸೂರಿಯಲ್ಲಿ ತೀರಿಕೊಂಡ. 1861ರಲ್ಲಿ, ಅಂತರ್ಯುದ್ಧದ ಆರಂಭದಲ್ಲೇ, ಹಿಮ್ಮೆಟ್ಟಿದ ಸರ್ಕಾರಿ ಸೈನಿಕರು ಹಾರ್ಪರ್ಸ್ ಫೆರಿಯ ಆಯುಧದ ಉಗ್ರಾಣಕ್ಕೆ ಬೆಂಕಿ ಇಟ್ಟರು. ಮೆರಿಟ್ ರೋ ಸ್ಮಿತ್ 1977ರಲ್ಲಿ ಆ ಶಸ್ತ್ರಾಗಾರದ ಚರಿತ್ರೆ ಬರೆದ ಮೇಲೆ ಹಾಲ್‌ನ ಕೆಲಸಕ್ಕೆ ತಕ್ಕ ಬೆಲೆ ಬಂತು.

ವ್ಹಿಟ್ನಿಯನ್ನು ಸುಳ್ಳುಗಾರ ಎನ್ನಬೇಕಿಲ್ಲ. ದೊಡ್ಡ ಗುತ್ತಿಗೆ ಹಿಡಿದು ಕಾರ್ಖಾನೆ ನಡೆಸಿದ ಜಮೆ ಅವನಿಗೆ ಇರಲಿ. ಅದಲುಬದಲು ಭಾಗಗಳ ಜಮೆ ಮಾತ್ರ ಹಾಲ್ ಮತ್ತು ನಾರ್ತ್ ಇಬ್ಬರ ಜಂಟಿ ಖಾತೆಗೆ ಹೋಗಬೇಕು. ಗೆಳೆಯರೇ, ನೀವು ಯಾರದೇ ಚರಿತ್ರೆ ಬರೆಯಲು ಹೊರಟರೂ, ಅವರು ಮಾಡಿದ ವಸ್ತು ಎಲ್ಲಾದರೂ ಉಳಿದಿದೆಯೇ ಎಂದು ಮೊದಲು ಕೇಳಿ. ಹೊಗಳಿಕೆಗೆ ಕಿವಿಗೊಡುವುದು ಆಮೇಲೆ.