‘ಕಾಣವಲ್ದು’ ಅನ್ನಲಿಕ್ಕೆ ಬಿಡಬೇಕು

ಟೇಲರ್ ಕಾಕಾಗೆ ಅವತ್ತು ಅಕ್ಷರ ಓದುವುದರಲ್ಲಿ 71 ಅಂಕ ಬಂತು. ಹಿಂದಿನ ತಿಂಗಳು ಅದೇ ಕಣ್ಣಿಗೆ ಬಂದದ್ದು 58. ಹಾಳೆಯ ಮೇಲೆ ಅಂಕಿ ಬರೆಯುವಾಗ ನನಗಾದ ಖುಷಿ ಇನ್ನೂ ನೆನಪಿದೆ. ಕಾಕಾ ನಮ್ಮ ಕಮಲಾಪುರದವರು, ನನ್ನ ಶಾಲೆಯ ಯುನಿಫಾರ್ಮ್ ಹೊಲಿದುಕೊಟ್ಟವರು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಬಾತು, ಸೂಜಿಗೆ ದಾರ ಪೋಣಿಸಲಾಗದೆ, ಅಂಗಡಿಯನ್ನು ಮಗನಿಗೆ ಬಿಟ್ಟಿದ್ದರು. ಕಲಬುರಗಿ ಕೋಟೆ ಹತ್ತಿರದ ನಮ್ಮ ಕಣ್ಣಾಸ್ಪತ್ರೆಯಲ್ಲಿ ಒಂದು ಹೊಸ ಇಂಜೆಕ್ಷನ್ನಿನ ಟ್ರಯಲ್‌ಗೆ ಸೇರಿದ್ದರು.

ಅರ್ಧ ತಾಸಿನ ಮೇಲೆ ಸ್ಕ್ಯಾನ್ ಬಂತು. ಬಾವು ಇಳಿದಿರಲಿಲ್ಲ, ಏರಿತ್ತು. ಡಾಕ್ಟರು ನನ್ನನ್ನು ಕರೆಸಿ, ಈ ಅಂಕಿ ಹೇಗೆ ಬಂತು ಎಂದು ಕೇಳಿದರು. ನಾನು ಹೋಗಿ ಕಾಕಾನನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ. “ನೀ ಬೋರ್ಡಿನ ಲೈಟ್ ಹಚ್ಚಿಟ್ಟು ಹೊರಗ ಹೋಗಿದ್ದಿ ಯವ್ವಾ. ಚಲೋ ಕಣ್ಣಿಲೆ ನೋಡಿ ಬಾಯಿಪಾಠ ಮಾಡಿದೆ. ನಮ್ಮೂರ ಹುಡುಗಿಗೆ ಡಾಕ್ಟರ ಮುಂದ ಹೆಸರು ಬರ್ಲಿ ಅಂತ.”

ತಪ್ಪು ಅವರದಲ್ಲ, ನನ್ನದು. ಬಲಗಣ್ಣಿಗೊಂದು, ಎಡಗಣ್ಣಿಗೊಂದು ಬೇರೆ ಬೋರ್ಡ್ ಇರುವುದೇ ಬಾಯಿಪಾಠ ತಪ್ಪಿಸಲು. ಆದರೆ ರೋಗಿಯನ್ನು ಕೂರಿಸಿ, ಆ ಕಣ್ಣಿನ ಬೋರ್ಡನ್ನೇ ಬೆಳಗಿಸಿಟ್ಟು ನಾನು ಫೈಲ್ ತರಲು ಹೋಗಿದ್ದೆ. 71ರ ಮೇಲೆ ಒಂದೇ ಗೆರೆ ಎಳೆದು, ಕೆಳಗಿನ ಅಂಕಿ ಕಾಣುವ ಹಾಗೆಯೇ ಬಿಟ್ಟು, ನಡೆದದ್ದನ್ನು ಪಕ್ಕದಲ್ಲಿ ಬರೆದು, ತಾರೀಖು ಹಾಕಿ ಸಹಿ ಮಾಡಿದೆ. ಈ ಕೆಲಸದಲ್ಲಿ ಏನನ್ನೂ ಅಳಿಸುವಂತಿಲ್ಲ. ಆ ಸಹಿ ಹಾಕುವಾಗ ನನ್ನ ಕಣ್ಣಲ್ಲಿ ನೀರಿತ್ತು. ಆ ಅಂಕಿಯನ್ನೇ ನಂಬಿದ್ದರೆ ಕಾಕಾಗೆ ಬೇಕಿದ್ದ ಚಿಕಿತ್ಸೆ ತಡವಾಗುತ್ತಿತ್ತು.

ಹೊರಗಿನವರಿಗೆ ಇದು ಬರೀ ಅಕ್ಷರ ಓದಿಸುವ ಕೆಲಸ. ಬೋರ್ಡಿಗೆ ಇಟಿಡಿಆರ್‌ಎಸ್ ಎಂಬ ಹೆಸರು ಬಂದದ್ದು ಅಮೆರಿಕದಲ್ಲಿ 1980ರ ದಶಕದಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಿಂದ. ಸಕ್ಕರೆ ಕಾಯಿಲೆಯ 3,711 ಜನ ಅದರಲ್ಲಿ ಕೂತು ಓದಿದ್ದರು. 14 ಸಾಲು, ಸಾಲಿಗೆ 5 ಅಕ್ಷರ, ರೋಗಿ ಕೂರಬೇಕಾದ್ದು 4 ಮೀಟರ್ ದೂರ. 15 ಅಕ್ಷರ ಅಂದರೆ ಮೂರು ಸಾಲು. ಅಷ್ಟು ಕಳೆದುಕೊಂಡರೆ ನೋಟ ಗಣನೀಯವಾಗಿ ಕುಸಿದಂತೆ. ಕಾಕಾ ‘ಉಡುಗೊರೆ’ ಕೊಟ್ಟದ್ದು 13 ಅಕ್ಷರ.

ನಮ್ಮ ಭಾಗದವರಿಗೆ ಇನ್ನೊಂದು ಟ್ರಯಲ್ ಹೆಚ್ಚು ಹತ್ತಿರದ್ದು. ತೊಗರಿ ರಾಶಿ ಮಾಡುವಾಗ ಕಡ್ಡಿ ಚುಚ್ಚಿ, ಕಣ್ಣಿನ ಕಪ್ಪುಗುಡ್ಡೆಗೆ ಬೂಷ್ಟಿನ ಹುಣ್ಣಾಗಿ ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅದಕ್ಕೆ ಯಾವ ಔಷಧ ಮೇಲು ಎಂದು ತಮಿಳುನಾಡು, ಪುದುಚೇರಿಯ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ಪರೀಕ್ಷಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಸದಾದ, ದುಬಾರಿಯಾದ ವೊರಿಕೊನಜೋಲ್‌ಗಿಂತ ಹಳೆಯ ನಟಾಮೈಸಿನ್ನೇ ವಾಸಿ ಎಂದು ತಿಳಿದದ್ದು ಆಗ. ಆ ತೀರ್ಪು ನಿಂತದ್ದು ಮೂರು ತಿಂಗಳ ನಂತರದ ಓದಿನ ಮೇಲೆ. ನನ್ನಂಥ ಯಾರೋ ಕತ್ತಲ ಕೋಣೆಯಲ್ಲಿ ಕೂತು, ಕಾಣದ್ದನ್ನು ಕಾಣುವುದಿಲ್ಲವೆಂದೇ ಬರೆದುಕೊಂಡಿದ್ದರು. ಇವತ್ತು ತೊಗರಿ ಹೊಲದಿಂದ ಬಂದವರಿಗೆ ಡಾಕ್ಟರು ಅದೇ ಹನಿ ಬರೆಯುವಾಗ ನನಗೆ ಆ ಕೋಣೆ ನೆನಪಾಗುತ್ತದೆ.

ಹಾಗಾಗಿ ಈಗ ನನ್ನ ತಯಾರಿ ಹಿಂದಿನ ದಿನದ ಫೋನಿನಿಂದಲೇ ಶುರು. ಮೊದಲು ಹೇಳುವುದು ಊಟದ ಮಾತು. ಒಬ್ಬ ಮುತ್ಯಾ, ರಕ್ತ ತಪಾಸಣೆ ಅಂದಮೇಲೆ ಉಪಾಸ ಇರಬೇಕೆಂದುಕೊಂಡು, ಸಕ್ಕರೆ ಗುಳಿಗೆ ಮಾತ್ರ ನುಂಗಿ ಬೆಳಗಿನ ಬಸ್ಸು ಹತ್ತಿದ್ದರು. ನನ್ನ ಮುಂದೆ ಕೂತವರು ಬೆವೆತು, ಕೈ ನಡುಗಿ, ಮಾತು ತೊದಲಿದರು. ಗ್ಲೂಕೋಸ್ ಕುಡಿಸಿದ ಮೇಲೆ ಚೇತರಿಸಿಕೊಂಡರು. ‘ಉಪಾಸ ಬರ್ರಿ’ ಎಂದು ಯಾರೂ ಹೇಳಿರಲಿಲ್ಲ. ಆದರೆ ‘ಉಣ್ಕೊಂಡು ಬರ್ರಿ’ ಎಂದೂ ನಾನು ಹೇಳಿರಲಿಲ್ಲ. ಈಗ ಎರಡು ಸಲ ಹೇಳುತ್ತೇನೆ, ಮನೆಯವರಿಗೂ ಹೇಳುತ್ತೇನೆ.

ಆಮೇಲೆ ಚೀಲದ ಮಾತು. ಮನೆಯಲ್ಲಿರುವ ಎಲ್ಲ ಗುಳಿಗೆ, ಹನಿ, ನಾಟಿ ಔಷಧ ಒಂದೇ ಚೀಲದಲ್ಲಿ ತರಬೇಕು. ಕಣ್ಣಿಗೆ ಜೇನು ಬಿಟ್ಟುಕೊಂಡವರು ಬೈತಾರೆಂದು ಹೇಳುವುದಿಲ್ಲ. ಬೈಯುವುದಿಲ್ಲವೆಂದು ನಾನೇ ಮೊದಲು ಹೇಳಿದರೆ ಬಾಯಿ ಬಿಡುತ್ತಾರೆ. ರಂಜಾನ್ ತಿಂಗಳಲ್ಲಿ ಕೋಟೆ ಸುತ್ತಲಿನ ಅಮ್ಮಂದಿರು ಹಗಲು ಹನಿ ಬಿಟ್ಟುಕೊಳ್ಳಲು ಹಿಂಜರಿಯುತ್ತಾರೆ. ಅದನ್ನೂ ಮೊದಲೇ ಕೇಳಿ ಡಾಕ್ಟರಿಗೆ ತಿಳಿಸಬೇಕು. ರಾಶಿ, ಜಾತ್ರೆ ಎಲ್ಲಕ್ಕೂ ಲೆಕ್ಕ ಹಾಕಿಯೇ ಭೇಟಿಯ ದಿನ ಗೊತ್ತುಮಾಡಬೇಕು. ತಾರೀಖು ನಾಲ್ಕು ದಿನ ಆಚೀಚೆ ಆದರೆ ನಡೆದೀತು, ತಿಂಗಳು ತಪ್ಪಿದರೆ ನಡೆಯದು. ಮುಖ್ಯವಾಗಿ, ಜೊತೆಗೊಬ್ಬರು ಬರಲೇಬೇಕು. ಪಾಪೆ ಹಿಗ್ಗಿಸುವ ಹನಿಯ ಪ್ರಭಾವ ನಾಲ್ಕೈದು ತಾಸು ಇರುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ, ಮಸುಕುಗಣ್ಣಿನಿಂದ, ಬಸ್ಸಿನ ಮೆಟ್ಟಿಲು ಹತ್ತುವುದು ವಯಸ್ಸಾದವರಿಗೆ ಸಣ್ಣ ಮಾತಲ್ಲ.

ಕೈನರಕ್ಕೆ ಹಳದಿ ಬಣ್ಣ ಚುಚ್ಚಿ ಕಣ್ಣಿನ ಫೋಟೊ ತೆಗೆಯುವ ದಿನವಿದ್ದರೆ, ಮೂತ್ರ ಒಂದು ದಿನ ಕಡು ಹಳದಿಯಾಗುತ್ತದೆ ಎಂದು ಹೇಳಲೇಬೇಕು. ಒಮ್ಮೆ ಮರೆತೆ. ಒಬ್ಬ ಆಯಿ ಕಾಮಣಿ ಬಂತೆಂದು ರಾತ್ರಿಯೆಲ್ಲ ಅತ್ತಿದ್ದರು.

ನನಗೆ ಎಲ್ಲಕ್ಕಿಂತ ಕಷ್ಟವೆನಿಸಿದ್ದು ಬೇರೆ. ಓದಿಸುವವರಿಗೆ ಯಾವ ಕಣ್ಣಿಗೆ ಯಾವ ಔಷಧ ಹೋಗುತ್ತಿದೆ ಎಂದು ಗೊತ್ತಿರಬಾರದು. ಗೊತ್ತಾದರೆ, ಗೊತ್ತಿಲ್ಲದಂತೆಯೇ ನಾವು ಆ ಕಣ್ಣಿನ ಕಡೆ ವಾಲುತ್ತೇವೆ. ಆದರೆ ಊರಿನವರು ನನ್ನನ್ನು ಕಂಡಕೂಡಲೇ ಇಂಜೆಕ್ಷನ್ನಿನ ಸುದ್ದಿಯೇ ತೆಗೆಯುತ್ತಾರೆ. “ಮನೆ ಮಂದಿ ಸುದ್ದಿ ಹೇಳ್ರಿ, ಇಂಜೆಕ್ಷನ್ ಸುದ್ದಿ ಮಾತ್ರ ನನ್ನ ಮುಂದ ಬ್ಯಾಡ್ರಿ” ಎಂದು ಬಾಗಿಲಲ್ಲೇ ತಡೆಯುವಾಗ ಅವರ ಮುಖ ಸಣ್ಣದಾಗುತ್ತದೆ. ಅದಕ್ಕೇ ಕಾರಣವನ್ನೂ ಹೇಳುತ್ತೇನೆ.

ಒಪ್ಪಿಗೆ ಪತ್ರದ ಹೊಣೆ ನನ್ನದಲ್ಲ, ಡಾಕ್ಟರರದು. ಓದು ಬಾರದವರಿದ್ದರೆ, 2019ರ ನಿಯಮಗಳ ಪ್ರಕಾರ, ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಇರಬೇಕು. ಆದರೂ ‘ನಡುವೆ ಬಿಟ್ಟರೆ ಇಲ್ಲಿ ಮತ್ತೆ ತೋರಿಸಿಕೊಳ್ಳಲಿಕ್ಕೆ ಬಿಡ್ತಾರೋ ಇಲ್ಲೋ’ ಎಂಬ ಅಂಜಿಕೆಯನ್ನು ಜನ ಹೇಳಿಕೊಳ್ಳುವುದು ನನ್ನ ಹತ್ತಿರ. ಯಾವಾಗ ಬೇಕಾದರೂ ಬಿಡಬಹುದು, ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಪತ್ರದಲ್ಲಿರುವ ಸಾಲನ್ನು ಬೆರಳಿಟ್ಟು ತೋರಿಸಿ, ಮತ್ತೆ ಡಾಕ್ಟರ ಬಳಿ ಕರೆದೊಯ್ಯುತ್ತೇನೆ. ಅಂಜಿಕೆ ಇದ್ದವರು ಕಾಣದ ಅಕ್ಷರವನ್ನೂ ಕಂಡೆ ಎನ್ನುತ್ತಾರೆ.

ಆ ಘಟನೆಯ ಮುಂದಿನ ತಿಂಗಳು ಕಾಕಾ ಬರುವಾಗ ಕಮಲಾಪುರದ ಕೆಂಪು ಬಾಳೆಹಣ್ಣು ತಂದಿದ್ದರು. ಹಣ್ಣು ಮೇಜಿನ ಮೇಲಿಟ್ಟು, ಬೋರ್ಡಿನ ಲೈಟ್ ಆರಿಸಿಯೇ ಇಟ್ಟು, ಒಂದು ಕಣ್ಣಿಗೆ ಪಟ್ಟಿ ಕಟ್ಟಿದೆ. “ಕಾಕಾ, ಇದು ಪರೀಕ್ಷೆ ಅಲ್ರಿ. ಕಡಿಮಿ ಓದಿದ್ರ ಯಾರೂ ನಪಾಸ್ ಆಗಂಗಿಲ್ಲ, ನೀವೂ ಇಲ್ಲ, ನಾನೂ ಇಲ್ಲ.” ಲೈಟ್ ಹಚ್ಚಿದೆ. ಒಂದೊಂದೇ ಅಕ್ಷರ, ನಿಧಾನಕ್ಕೆ. ಏಳನೇ ಸಾಲಿನ ಮೂರನೇ ಅಕ್ಷರಕ್ಕೆ ಕತ್ತು ಮುಂದೆ ಚಾಚಿದರು. ಬೆನ್ನು ಕುರ್ಚಿಗೆ ಆನಿಸಲು ಹೇಳಿದೆ. ಬಹಳ ಹೊತ್ತು ನೋಡಿದರು. ಊಹೆ ಮಾಡಿ ಹೇಳಿ ಎಂದೆ; ಒಂದು ಅಕ್ಷರ ಹೇಳಿದರು, ಸರಿಯೋ ತಪ್ಪೋ ನಾನು ಹೇಳಲಿಲ್ಲ. ಅದರ ಮುಂದಿನದಕ್ಕೆ ತಲೆ ಅಲ್ಲಾಡಿಸಿದರು.

“ಕಾಣವಲ್ದು ಯವ್ವಾ.”

“ಆತ್ರಿ ಕಾಕಾ” ಎಂದು ಬರೆದುಕೊಂಡೆ.